ಖನಿಜ ಕೆಸರಿನಿಂದ ಮನೆಯಲ್ಲೇ ಲೇಪ, ಸೋಪು: ಮಣ್ಣು ಆರಿಸುವುದರಿಂದ ಬಟ್ಟಲು ತೊಳೆಯುವವರೆಗೆ

ಕೆಸರು, ಜೇಡಿಮಣ್ಣು ಬಳಸಿ ಮುಖಕ್ಕೆ ಲೇಪ ಮಾಡಿಕೊಳ್ಳುವ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಯಾವ ಮಣ್ಣು ಒಳ್ಳೆಯದು? ಎಷ್ಟು ನೀರು ಹಾಕಬೇಕು? ಕಲೆಸಿಟ್ಟದ್ದು ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತದೆ? ಇವುಗಳಲ್ಲಿ ಮೂರನೆಯದೇ ಮುಖ್ಯ. ಅದರ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇಡಬೇಡಿ. ಒಣಗಿರುವಷ್ಟು ಕಾಲ ಮಣ್ಣು ಡಬ್ಬಿಯಲ್ಲಿ ಸುಮ್ನೆ ಕೂತಿರುತ್ತದೆ. ನೀರು ತಾಗಿದ ಮೇಲೆ ಅದನ್ನು ಹಸಿ ಹಾಲಿನ ಹಾಗೆ ನೋಡಿಕೊಳ್ಳಬೇಕು. ಮುಂದೆ ಬರುವ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಹುಟ್ಟಿದವು.

ಯಾವ ಮಣ್ಣು ಹೇಗೆ

ಅಂಗಡಿಯಲ್ಲಿ 'ಮಡ್', 'ಕ್ಲೇ' ಅಂತ ಎರಡು ಹೆಸರು ಕಾಣುತ್ತವೆ. ಕ್ಲೇ ಅಂದರೆ ಜೇಡಿಮಣ್ಣು. ಅಗೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿದ್ದು. ಮಡ್ ಅಂದರೆ ಕೆಸರು. ಜೇಡಿಯ ಜೊತೆಗೆ ಹೂಳು, ಉಪ್ಪುಗಳು, ನೀರು ಎಲ್ಲ ಸೇರಿಕೊಂಡಿರುತ್ತದೆ. ಕೈಯಲ್ಲಿ ಹಿಡಿದಾಗ ಎರಡೂ ಮಣ್ಣೇ, ಆದರೆ ಕೆಲಸ ಮಾಡುವಾಗ ಎರಡರ ವರ್ತನೆ ತೀರಾ ಬೇರೆ.

ಕೇಯೊಲಿನ್ ಎಲ್ಲಕ್ಕಿಂತ ಸೌಮ್ಯವಾದ ಬಿಳಿ ಜೇಡಿ. ನೀರು ಹಾಕಿದರೆ ಅಷ್ಟಾಗಿ ಉಬ್ಬುವುದಿಲ್ಲ. ಎಣ್ಣೆ ಹೀರುತ್ತದೆ, ಆದರೆ ಚರ್ಮವನ್ನು ಬಿಗಿದು ಒಣಗಿಸುವಷ್ಟಲ್ಲ. ಹೊಸಬರು ಇದರಿಂದಲೇ ಶುರು ಮಾಡಿ.

ಬೆಂಟೊನೈಟ್ ಇದಕ್ಕೆ ಪೂರ್ತಿ ವಿರುದ್ಧ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದರ ಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ. ಸೋಡಿಯಂ ಬೆಂಟೊನೈಟ್ ಜಾಸ್ತಿ ಉಬ್ಬುತ್ತದೆ, ಕ್ಯಾಲ್ಸಿಯಂ ಬೆಂಟೊನೈಟ್ ಕಡಿಮೆ. ನೀರಿನಲ್ಲಿ ಕಲೆಸಿದಾಗ ಇದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10ರ ಆಸುಪಾಸು ಇರುತ್ತದೆ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಸುಮಾರು 5. ಹಾಗಾಗಿ ಬೆಂಟೊನೈಟನ್ನು ಹಾಗೇ ದಪ್ಪಗೆ ಬಳಿದುಕೊಂಡು ಅರ್ಧ ಗಂಟೆ ಕೂತರೆ ಮುಖ ಕೆಂಪಾಗುವುದರಲ್ಲಿ ಆಶ್ಚರ್ಯ ಏನಿದೆ?

ಮುಲ್ತಾನಿ ಮಿಟ್ಟಿ ಎಲ್ಲರಿಗೂ ಗೊತ್ತು. ಎಣ್ಣೆ ಹೀರುವುದರಲ್ಲಿ ಗಟ್ಟಿಗ. ರಸೂಲ್ ಅಥವಾ ಘಸೂಲ್ ಎನ್ನುವುದು ಮೊರಾಕ್ಕೊದ ಕಂದು ಜೇಡಿ. ಮೆಗ್ನೀಸಿಯಂ ಹೆಚ್ಚಿರುವ ಸ್ಟೀವನ್‌ಸೈಟ್ ಎಂಬ ಖನಿಜ ಅದರಲ್ಲಿ ಮುಖ್ಯ. ಕಲೆಸಿದರೆ ರೇಷ್ಮೆಯ ನುಣುಪು ಬರುತ್ತದೆ, ತಲೆಗೂದಲಿಗೂ ಒಗ್ಗುತ್ತದೆ.

ಇನ್ನು ಎಲ್ಲರೂ ಕೇಳುವ ಮೃತ ಸಮುದ್ರದ ಕಪ್ಪು ಕೆಸರು. ಹೆಸರು ಸಮುದ್ರವಾದರೂ ಅದು ಇಸ್ರೇಲ್, ಜೋರ್ಡಾನ್ ಕಡೆಯ ಒಂದು ಉಪ್ಪು ಸರೋವರ. ಆ ಸರೋವರದ ನೀರಿನಲ್ಲಿ ಸಾಮಾನ್ಯ ಸಮುದ್ರಕ್ಕಿಂತ ಸುಮಾರು 10 ಪಟ್ಟು ಉಪ್ಪು. ಅದೂ ಬರೀ ಅಡುಗೆ ಉಪ್ಪಲ್ಲ, ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡೇ ಜಾಸ್ತಿ. ಕೆಸರಿಗೆ ಕಪ್ಪು ಬಣ್ಣ ಬಂದಿರುವುದು ಕಬ್ಬಿಣದ ಸಲ್ಫೈಡಿನಿಂದ. ಮುಚ್ಚಳ ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಅದು ಗಂಧಕದ ವಾಸನೆ. ಗಾಳಿಗೆ ಬಿಟ್ಟಾಗ ಮೇಲಿನ ಪದರ ಬೂದು-ಕಂದಾಗುವುದೂ ಸಹಜವೇ, ಸಲ್ಫೈಡು ಆಮ್ಲಜನಕದ ಜೊತೆ ಸೇರಿ ಬದಲಾಗುತ್ತದೆ. ಆದರೆ ಹಸಿರು, ಗುಲಾಬಿ ಚುಕ್ಕೆಗಳು ಅಥವಾ ಹತ್ತಿಯಂಥ ಬೂಸ್ಟು ಕಂಡರೆ ಎರಡನೇ ಯೋಚನೆ ಬೇಡ, ಇಡೀ ಡಬ್ಬಿ ಎಸೆಯಿರಿ.

ಕೆರೆ, ಹೊಳೆ, ಹೊಲದ ಮಣ್ಣನ್ನು ತಂದು ಬಳಸಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಮಣ್ಣಿನಲ್ಲಿ ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಜೀವಿಯ ಬೀಜಕಣಗಳು ಇರುತ್ತವೆ. ಅವು ಸಾಧಾರಣ ಕುದಿಸುವಿಕೆಗೆ ಸಾಯುವುದಿಲ್ಲ. ಮುಖದಲ್ಲಿ ಒಂದು ಒಡೆದ ಮೊಡವೆ ಇದ್ದರೂ ಅದೊಂದು ಗಾಯವೇ ಅಲ್ವಾ? ಕೀಟನಾಶಕ, ಸೀಸದ ಮಾತು ಬೇರೆ.

ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಜೇಡಿಯ ಕಣಗಳು ತೀರಾ ಸಣ್ಣವು, ಹಾಗಾಗಿ ಅವುಗಳ ಒಟ್ಟು ಮೇಲ್ಮೈ ತುಂಬಾ ದೊಡ್ಡದು. ಚರ್ಮದ ಮೇಲಿನ ಎಣ್ಣೆ, ಬೆವರು, ಕೊಳೆ ಆ ಮೇಲ್ಮೈಗೆ ಅಂಟಿಕೊಂಡು ಲೇಪದ ಜೊತೆ ಹೊರಟುಹೋಗುತ್ತವೆ. ತೊಳೆದ ಮೇಲೆ ಮುಖ ನುಣುಪಾಗಿ, ಎಣ್ಣೆಯಿಲ್ಲದೆ ಕಾಣುತ್ತದೆ. ಒಂದಷ್ಟು ಹೊತ್ತಿಗೆ ಚರ್ಮದ ರಂಧ್ರಗಳು ಸಣ್ಣದಾದಂತೆಯೂ ಕಾಣುತ್ತವೆ. ಇಷ್ಟು ನಿಜ.

'ದೇಹದ ವಿಷ ಎಳೆಯುತ್ತದೆ' ಅನ್ನುವುದು ಮಾರುವವರ ಮಾತು. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ. ಲೇಪ ಒಣಗಿದಾಗ ಮುಖ ಎಳೆದಂತೆ ಆಗುವುದು ವಿಷ ಹೊರಬರುತ್ತಿರುವುದರಿಂದ ಅಲ್ಲ. ನೀರು ಆರಿ ಜೇಡಿ ಕುಗ್ಗುತ್ತಿರುತ್ತದೆ, ಅಷ್ಟೇ.

ಖನಿಜಗಳ ಬಗ್ಗೆ ನನ್ನ ನಿಲುವು ಮಧ್ಯದ್ದು. ಮೃತ ಸಮುದ್ರದ ಉಪ್ಪಿನ ಮೇಲೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಒಣಚರ್ಮದ ಅಲರ್ಜಿ ಸ್ವಭಾವದವರು ಒಂದು ಮುಂಗೈಯನ್ನು 5 ಶೇಕಡ ಉಪ್ಪಿರುವ ನೀರಿನಲ್ಲಿ 15 ನಿಮಿಷ, ಇನ್ನೊಂದನ್ನು ನಲ್ಲಿ ನೀರಿನಲ್ಲಿ ಅದ್ದುತ್ತಿದ್ದರು. ಉಪ್ಪುನೀರಿನ ಕೈಯ ಚರ್ಮದ ತಡೆಗೋಡೆ ಸುಧಾರಿಸಿತು, ಕೆಂಪು ಕಡಿಮೆಯಾಯಿತು. ಆದರೆ ಅದು ಉಪ್ಪುನೀರು, ಕೆಸರಲ್ಲ. ಮೈಯ ಒಳಗೆ ಖನಿಜದ ಕೊರತೆ ತುಂಬುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊಳ್ಳುವಾಗ

'ಕಾಸ್ಮೆಟಿಕ್ ಗ್ರೇಡ್' ಎಂದು ಬರೆದಿರಬೇಕು. ಬೆಂಟೊನೈಟನ್ನು ಬೋರ್‌ವೆಲ್ ಕೊರೆಯುವುದಕ್ಕೆ, ಹೊಂಡ ಸೋರದಂತೆ ಮಾಡುವುದಕ್ಕೆ, ಬೆಕ್ಕಿನ ಮಲದ ತಟ್ಟೆಗೆ ಕೂಡ ಬಳಸುತ್ತಾರೆ. ಹೆಸರು ಒಂದೇ ಇದ್ದರೂ ಅವುಗಳ ಶುದ್ಧತೆ ಮುಖಕ್ಕೆ ಹಚ್ಚುವ ಮಟ್ಟದ್ದಲ್ಲ.

ಮಾರುವವರ ಹತ್ತಿರ ಸಿಒಎ (ಸರ್ಟಿಫಿಕೇಟ್ ಆಫ್ ಅನಾಲಿಸಿಸ್) ಕೇಳಿ. ಅಂದರೆ ಆ ಬ್ಯಾಚನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ. ಅದರಲ್ಲಿ ಎರಡು ವಿಷಯ ನೋಡಿ. ಒಂದು ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ. ನೆಲದಿಂದ ಬಂದ ಮಣ್ಣಿನಲ್ಲಿ ಇವು ಒಂದಿಷ್ಟು ಇದ್ದೇ ಇರುತ್ತವೆ, ಎಷ್ಟು ಅನ್ನುವುದೇ ಪ್ರಶ್ನೆ. ಹಚ್ಚುವ ಸೌಂದರ್ಯ ವಸ್ತುಗಳಲ್ಲಿ ಸೀಸ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 10 ಪಾಲು, ಮೀರಬಾರದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ ಮಾಡಿದೆ. 2016ರಲ್ಲಿ ಕೆಲವು ಬೆಂಟೊನೈಟ್ ಪುಡಿಗಳಲ್ಲಿ ಸೀಸ ಹೆಚ್ಚಿದೆ ಅಂತ ಅದೇ ಸಂಸ್ಥೆ ಸಾರ್ವಜನಿಕರನ್ನು ಎಚ್ಚರಿಸಿತ್ತು. ಎರಡನೆಯದು ಸೂಕ್ಷ್ಮಜೀವಿಗಳ ಎಣಿಕೆ. ಐಎಸ್‌ಒ 17516 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ದೊಡ್ಡವರ ಸಾಮಾನ್ಯ ಬಳಕೆಯ ವಸ್ತುವಿಗೆ ಗ್ರಾಮಿಗೆ 1000 ಮಿತಿ. ಕಣ್ಣಿನ ಸುತ್ತ ಹಚ್ಚುವುದಕ್ಕೆ ಮತ್ತು 3 ವರ್ಷದೊಳಗಿನ ಮಕ್ಕಳ ವಸ್ತುಗಳಿಗೆ 100.

ವರದಿ ಕೇಳಿದರೆ 'ಇದು ನೂರಕ್ಕೆ ನೂರು ಸಹಜ' ಅಂತ ಉತ್ತರ ಬಂದರೆ ಬೇರೆ ಅಂಗಡಿ ನೋಡಿ. ಸೀಸವೂ ಸಹಜವೇ.

ಬೇಕಾದ ಸಾಮಾನು

ಗಾಜು ಅಥವಾ ಪಿಂಗಾಣಿ ಬಟ್ಟಲು, ಸಿಲಿಕೋನ್ ಚಮಚ, ನುಣ್ಣನೆ ಜರಡಿ, ಅರ್ಧ ಗ್ರಾಮಾದರೂ ಸರಿಯಾಗಿ ತೋರಿಸುವ ಸಣ್ಣ ತಕ್ಕಡಿ, ಗಾಳಿ ಆಡದ ಡಬ್ಬಿ, ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ವಾಟರ್, ಸ್ವಲ್ಪ ಗ್ಲಿಸರಿನ್, ಒಂದು ಎನ್95 ಮಾಸ್ಕ್.

ಮಾಸ್ಕ್ ಯಾಕೆ ಅಂತ ನಗಬೇಡಿ. ಜೇಡಿಪುಡಿಯಲ್ಲಿ ಹರಳು ಸಿಲಿಕಾ ಸ್ವಲ್ಪ ಇರಬಹುದು. ಅದರ ಸೂಕ್ಷ್ಮ ಧೂಳನ್ನು ಉಸಿರಾಡುತ್ತಿದ್ದರೆ ಶ್ವಾಸಕೋಶಕ್ಕೆ ಹಾನಿ. ಪುಡಿ ಸುರಿಯುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಮಕ್ಕಳು ಪಕ್ಕದಲ್ಲಿ ಬೇಡ.

'ಲೋಹದ ಚಮಚ ತಾಗಿದರೆ ಮಣ್ಣಿನ ಶಕ್ತಿ ಹೋಗುತ್ತದೆ' ಅನ್ನುವ ಮಾತು ಎಲ್ಲ ಕಡೆ ಹರಿದಾಡುತ್ತದೆ. ಸ್ಟೀಲ್ ಚಮಚದಲ್ಲಿ ಎರಡು ನಿಮಿಷ ಕಲೆಸಿದರೆ ಏನೂ ಆಗುವುದಿಲ್ಲ. ಆದರೆ ಮೃತ ಸಮುದ್ರದ ಉಪ್ಪು ಕೆಸರನ್ನು ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಯಲ್ಲಿ ಬಿಡಬೇಡಿ. ಉಪ್ಪು ಪಾತ್ರೆಯನ್ನು ತಿನ್ನುತ್ತದೆ. ಬೆಳ್ಳಿ ಉಂಗುರವನ್ನೂ ತೆಗೆದಿಡಿ, ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಮೊದಲನೆಯದು: ಒಣಪುಡಿಯ ಲೇಪ

ಒಂದೇ ಒಂದನ್ನು ಮಾಡುವುದಾದರೆ ಇದನ್ನೇ ಮಾಡಿ. ಒಣಪುಡಿ ಡಬ್ಬಿಯಲ್ಲಿರಲಿ, ಬೇಕಾದಾಗ ಒಂದು ಸಲಕ್ಕಾಗುವಷ್ಟು ಮಾತ್ರ ಕಲೆಸಿ.

1. ಮಿಶ್ರಣ ಆರಿಸಿ. 100 ಗ್ರಾಮಿನ ಲೆಕ್ಕ ಹೀಗಿದೆ. ಸಾಮಾನ್ಯ ಚರ್ಮಕ್ಕೆ ಕೇಯೊಲಿನ್ 60 ಗ್ರಾಂ, ರಸೂಲ್ 30 ಗ್ರಾಂ, ತೀರಾ ನುಣ್ಣಗೆ ಬೀಸಿದ ಓಟ್ಸ್ ಪುಡಿ 10 ಗ್ರಾಂ. ಎಣ್ಣೆ ಚರ್ಮಕ್ಕೆ ಕೇಯೊಲಿನ್ 60, ಬೆಂಟೊನೈಟ್ ಅಥವಾ ಮುಲ್ತಾನಿ ಮಿಟ್ಟಿ 25, ರಸೂಲ್ 15. ಒಣ ಚರ್ಮಕ್ಕೆ ಕೇಯೊಲಿನ್ 80, ಓಟ್ಸ್ 20, ಅಷ್ಟೇ ಸಾಕು. ಮೊದಲ ಸಲ 100 ಗ್ರಾಂ ಮಾಡುವ ಉತ್ಸಾಹ ಬೇಡ. 20 ಗ್ರಾಂ ಮಾಡಿ ನೋಡಿ.

2. ಜರಡಿ ಹಿಡಿಯಿರಿ. ಒಂದು ಚಿಟಿಕೆ ಪುಡಿಯನ್ನು ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಉಜ್ಜಿ. ಕರಕರ ಸದ್ದು ಬಂದರೆ ಅದರಲ್ಲಿ ಮರಳಿನ ಕಣ ಇದೆ. ಮತ್ತೊಮ್ಮೆ ಜರಡಿ ಹಿಡಿಯಿರಿ. ಆಮೇಲೂ ಸದ್ದು ನಿಲ್ಲದಿದ್ದರೆ ಆ ಪುಡಿ ಮುಖಕ್ಕೆ ಬೇಡ, ಹಿಮ್ಮಡಿಗೆ ಇಟ್ಟುಕೊಳ್ಳಿ.

3. ಒಣ ಡಬ್ಬಿಗೆ ತುಂಬಿ. ಚೀಟಿ ಅಂಟಿಸಿ, ಮಾಡಿದ ದಿನ ಬರೆಯಿರಿ. ಡಬ್ಬಿ ಬಚ್ಚಲಲ್ಲಿ ಇಡಬೇಡಿ, ಆವಿ ಒಳಗೆ ಸೇರುತ್ತದೆ. ಒದ್ದೆ ಚಮಚ ಹಾಕಿದಿರೋ, ಒಣಪುಡಿಯ ಲಾಭ ಎಲ್ಲ ಅಲ್ಲಿಗೆ ಮುಗಿಯಿತು.

ಇಲ್ಲೊಂದು ಸೂಕ್ಷ್ಮ. ಮೃತ ಸಮುದ್ರದ ಕೆಸರನ್ನು ಒಣಗಿಸಿ ಮಾರುವ ಪುಡಿಯೂ ಸಿಗುತ್ತದೆ. ಅದನ್ನು ಈ ಡಬ್ಬಿಗೆ ಬೆರೆಸಬೇಡಿ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತದೆ. ಸ್ವಲ್ಪ ದಿನಕ್ಕೆ ಪುಡಿ ಗಂಟುಗಂಟಾಗಿ, ಮುಟ್ಟಿದರೆ ಬೆರಳಿಗೆ ಒದ್ದೆ ಅನ್ನಿಸುತ್ತದೆ. ಓಟ್ಸ್ ಅದರ ಪಕ್ಕದಲ್ಲಿದ್ದರೆ ಬೂಸ್ಟು ಹಿಡಿಯುವುದಕ್ಕೆ ಇನ್ನೇನು ಬೇಕು? ಆ ಪುಡಿ ಬೇರೆ ಡಬ್ಬಿಯಲ್ಲಿರಲಿ, ಕಲೆಸುವ ಹೊತ್ತಿಗೆ ಸೇರಿಸಿ.

4. ಕಲೆಸುವುದು. ಒಂದು ಸಲಕ್ಕೆ 2 ಟೀ ಚಮಚ ಪುಡಿ ಸಾಕು. ಬರೀ ಕೇಯೊಲಿನ್ ಆದರೆ 2 ಚಮಚಕ್ಕೆ ಸುಮಾರು 1 ಚಮಚ ನೀರು. ಬೆಂಟೊನೈಟ್ ಸೇರಿದ್ದರೆ ನೀರು ಅದಕ್ಕಿಂತ ಜಾಸ್ತಿ ಬೇಕು, ಕೆಲವೊಮ್ಮೆ ಎರಡರಷ್ಟು. ಇದನ್ನು ಅಂದಾಜಿಗೆ ಹಿಡಿಯಿರಿ, ಬ್ಯಾಚ್ ಬದಲಾದರೆ ಅಳತೆಯೂ ಬದಲಾಗುತ್ತದೆ.

ಬೆಂಟೊನೈಟಿಗೆ ನೀರು ಸುರಿಯಬೇಡಿ, ನೀರಿಗೆ ಬೆಂಟೊನೈಟ್ ಉದುರಿಸಿ. ಪುಡಿಯ ಮೇಲೆ ನೀರು ಬಿದ್ದರೆ ಹೊರಗಿನ ಪದರ ತಕ್ಷಣ ಉಬ್ಬಿ ಅಂಟಾಗಿ, ಒಳಗಿನ ಪುಡಿಗೆ ನೀರು ಹೋಗದಂತೆ ಮುಚ್ಚಿಬಿಡುತ್ತದೆ. ಆ ಗಂಟನ್ನು ಚಮಚದ ಬೆನ್ನಿನಿಂದ ಒತ್ತಿದರೆ ಜಾರುತ್ತದೆಯೇ ಹೊರತು ಒಡೆಯುವುದಿಲ್ಲ. ಒಡೆದರೆ ಒಳಗೆ ಬೂದಿಯಷ್ಟು ಒಣ ಪುಡಿ. ಬಟ್ಟಲಲ್ಲಿ ನೀರು ಹಾಕಿ, ಅದರ ಮೇಲೆ ಚಿಟಿಕೆ ಚಿಟಿಕೆಯಾಗಿ ಪುಡಿ ಉದುರಿಸಿ. ಪ್ರತಿ ಚಿಟಿಕೆಯೂ ತಾನಾಗಿ ಮುಳುಗುವವರೆಗೆ ಕಾಯಿರಿ. 10 ನಿಮಿಷ ಬಿಟ್ಟು ಕಲೆಸಿದರೆ ಗಂಟೇ ಇರುವುದಿಲ್ಲ.

ಉಪ್ಪು ಕೆಸರು ಸೇರಿಸುವುದಿದ್ದರೆ ಬೆಂಟೊನೈಟ್ ಪೂರ್ತಿ ಉಬ್ಬಿದ ಮೇಲೆ ಸೇರಿಸಿ. ಉಪ್ಪು ನೀರಿನಲ್ಲಿ ಬೆಂಟೊನೈಟ್ ಸರಿಯಾಗಿ ಉಬ್ಬುವುದೇ ಇಲ್ಲ. ಎಷ್ಟು ಕಲೆಸಿದರೂ ಮಣ್ಣು ತಳಕ್ಕೆ ಕೂತು ನೀರು ಮೇಲೆ ನಿಲ್ಲುತ್ತದೆ ಅಂತ ದೂರುವವರು ಈ ಕ್ರಮ ತಿರುವುಮುರುವು ಮಾಡಿರುವ ಸಾಧ್ಯತೆಯೇ ಹೆಚ್ಚು.

ಕೊನೆಗೆ 4-5 ಹನಿ ಗ್ಲಿಸರಿನ್ ಹಾಕಿ. ಅದು ತೇವ ಹಿಡಿದಿಡುತ್ತದೆ, ಲೇಪ ಬೇಗ ಒಡೆಯುವುದಿಲ್ಲ. ಹದ ನೋಡುವುದು ಸುಲಭ: ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು. ನೀರಾಗಿ ಸುರಿಯಬಾರದು, ಮುದ್ದೆಯಾಗಿ ಅಂಟಿಕೊಂಡೂ ಇರಬಾರದು.

5. ಪರೀಕ್ಷೆ ಮಾಡಿ. ಮುಂಗೈಯ ಒಳಭಾಗಕ್ಕೆ ನಾಣ್ಯದಷ್ಟು ಹಚ್ಚಿ 10 ನಿಮಿಷ ಬಿಟ್ಟು ತೊಳೆಯಿರಿ. ಮುಂದಿನ 48 ಗಂಟೆ ತುರಿಕೆ, ಕೆಂಪು, ಬೊಬ್ಬೆ ಏನೂ ಇಲ್ಲದಿದ್ದರೆ ಮುಖಕ್ಕೆ. ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ, ಯಾಕೆಂದರೆ ಕಲೆಸಿದ ಲೇಪ ಎದುರಿಗೇ ಇರುತ್ತದೆ. ಅದಕ್ಕೇ ಪರೀಕ್ಷೆಗೆ ಅಂತ ಚಿಟಿಕೆಯಷ್ಟನ್ನು ಮಾತ್ರ ಕಲೆಸಿ.

6. ಹಚ್ಚುವುದು, ತೆಗೆಯುವುದು. ತೊಳೆದು ಸ್ವಲ್ಪ ತೇವವಾಗಿರುವ ಮುಖಕ್ಕೆ ತೆಳುವಾಗಿ ಹಚ್ಚಿ. ಕಣ್ಣಿನ ಸುತ್ತ, ತುಟಿಯ ಮೇಲೆ ಬೇಡ. 8ರಿಂದ 10 ನಿಮಿಷ ಸಾಕು. ಅಂಚುಗಳು ಬಣ್ಣ ತಿರುಗಿ ತಿಳಿಯಾಗುತ್ತಿದ್ದಂತೆ ತೆಗೆಯುವ ಸಮಯ ಬಂತು ಅಂತ ತಿಳಿಯಿರಿ. ನಕ್ಕರೆ ಬಿರುಕು ಬಿಡುವಷ್ಟು ಒಣಗಲು ಬಿಡುವುದೇ ಅತಿ ಸಾಮಾನ್ಯ ತಪ್ಪು. ಒಣಗಿದ ಮೇಲೂ ಬಿಟ್ಟರೆ ಚರ್ಮದಲ್ಲಿರುವ ತೇವವೂ ಹೋಗುತ್ತದೆ, ಕೀಳುವಾಗ ಉಜ್ಜಾಟ ಬೇರೆ. ಮಧ್ಯದಲ್ಲಿ ಒಣಗಿದರೆ ನೀರು ಚಿಮುಕಿಸಿ. ತೆಗೆಯುವಾಗ ಒದ್ದೆ ಬಟ್ಟೆಯನ್ನು ಅರ್ಧ ನಿಮಿಷ ಮುಖದ ಮೇಲಿಟ್ಟು, ಮಣ್ಣು ಮೆತ್ತಗಾದ ಮೇಲೆ ಒರೆಸಿ. ಕೂಡಲೇ ಮಾಯಿಶ್ಚರೈಸರ್ ಹಚ್ಚಿ.

ಎಣ್ಣೆ ಚರ್ಮದವರು ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಒಣ ಚರ್ಮದವರಿಗೆ ಹದಿನೈದು ದಿನಕ್ಕೊಮ್ಮೆ ಸಾಕು.

ಬಟ್ಟಲಲ್ಲಿ ಉಳಿದದ್ದನ್ನು ಎಸೆಯಿರಿ. ಬೇಜಾರಾದರೆ ಮುಂದಿನ ಸಲ ಕಡಿಮೆ ಕಲೆಸಿ.

ಎರಡನೆಯದು: ಹಸಿ ಕೆಸರಿನ ಲೇಪ

ಡಬ್ಬಿಯಲ್ಲಿ ಬರುವ ಹಸಿ ಕಪ್ಪು ಕೆಸರನ್ನು ಬಳಸುವವರಿಗೆ ಇದು.

1. ಮುಚ್ಚಳ ತೆಗೆದಾಗ ಮೇಲೆ ನೀರು ನಿಂತಿರುತ್ತದೆ. ಅದನ್ನು ಚೆಲ್ಲಬೇಡಿ. ಕರಗಿದ ಉಪ್ಪುಗಳೆಲ್ಲ ಅದರಲ್ಲೇ ಇವೆ. ಶುಚಿಯಾದ ಒಣ ಚಮಚದಿಂದ ತಳದವರೆಗೂ ಕಲಕಿ ಬೆರೆಸಿ.

2. 2 ಟೀ ಚಮಚ ಕೆಸರನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು ಡಬ್ಬಿ ಮುಚ್ಚಿ. ಬೆರಳು ಅದ್ದಬೇಡಿ.

3. ಅದಕ್ಕೆ 1 ಟೀ ಚಮಚ ಕೇಯೊಲಿನ್, 4-5 ಹನಿ ಗ್ಲಿಸರಿನ್ ಸೇರಿಸಿ. ಕೇಯೊಲಿನ್ ಬೆರೆತರೆ ಉಪ್ಪಿನ ಪಾಲು ಇಳಿಯುತ್ತದೆ, ಉರಿ ಕಡಿಮೆ. ತೀರಾ ಗಟ್ಟಿ ಅನ್ನಿಸಿದರೆ ಮಾತ್ರ ಕೆಲವು ಹನಿ ನೀರು.

4. ಹಚ್ಚಿ 5 ನಿಮಿಷ. ಮೊದಲ ಸಲ ಅದಕ್ಕಿಂತ ಹೆಚ್ಚು ಬೇಡ. ಸ್ವಲ್ಪ ಚುರುಚುರು ಅನ್ನುವುದು ಉಪ್ಪಿನಿಂದ. ಉರಿ ಏರುತ್ತಾ ಹೋದರೆ ಗಡಿಯಾರ ನೋಡದೆ ತೊಳೆಯಿರಿ. ಕಣ್ಣಿಗೆ ಹೋದರೆ ಉಜ್ಜಬೇಡಿ, ಧಾರಾಳವಾಗಿ ನೀರು ಹಾಯಿಸಿ.

ಡಬ್ಬಿಯ ಕೆಸರು ತಿಂಗಳುಗಟ್ಟಲೆ ಕೆಡದೆ ಇರುತ್ತದಲ್ಲ, ನಾನು ಕಲೆಸಿದ್ದು ಯಾಕೆ ಇರಬಾರದು ಅಂತ ಕೇಳಬಹುದು. ಮೂಲ ಕೆಸರಿನಲ್ಲಿ ಉಪ್ಪು ಎಷ್ಟಿರುತ್ತದೆಂದರೆ ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬೆಳೆಯುವುದೇ ಕಷ್ಟ. ನೀವು ನೀರು, ಜೇನು, ಅಲೋವೆರಾ ಬೆರೆಸಿದ ಕ್ಷಣದಿಂದ ಆ ಕಾವಲು ತೆಳುವಾಗುತ್ತದೆ, ಜೊತೆಗೆ ಆಹಾರವೂ ಸಿಗುತ್ತದೆ. ಡಬ್ಬಿಯೊಳಕ್ಕೇ ನೀರು ಹಾಕಿ ಸಡಿಲ ಮಾಡುವವರು ಇಡೀ ಡಬ್ಬಿಯನ್ನು ಕೆಡಿಸಿಕೊಳ್ಳುತ್ತಾರೆ.

ಮೂರನೆಯದು: ಮಣ್ಣಿನ ಸೋಪು

ಕಾಸ್ಟಿಕ್ ಸೋಡಾ ಬಳಸಿ ಎಣ್ಣೆಯಿಂದ ಸೋಪು ಕಾಯಿಸುವುದು ಬೇರೆಯೇ ವಿದ್ಯೆ, ಕಣ್ಣು-ಕೈ ಸುಡುವ ಅಪಾಯ ಇದೆ. ಇಲ್ಲಿ ಹೇಳುತ್ತಿರುವುದು ಸೋಪ್ ಬೇಸ್‌ನಿಂದ ಮಾಡುವ ಕ್ರಮ. ಸೋಪ್ ಬೇಸ್ ಅಂದರೆ ಆಗಲೇ ಸೋಪಾಗಿರುವ, ಕರಗಿಸಿ ಅಚ್ಚಿಗೆ ಹೊಯ್ಯುವ ಗಟ್ಟಿ.

1. 500 ಗ್ರಾಂ ಬೇಸಿಗೆ 1ರಿಂದ 2 ಟೀ ಚಮಚ ಜೇಡಿಪುಡಿ. ಜಾಸ್ತಿ ಹಾಕಿದರೆ ನೊರೆ ಕಡಿಮೆ, ಸೋಪು ಪುಡಿಪುಡಿ.

2. ಪುಡಿಯನ್ನು ಒಂದೆರಡು ಚಮಚ ಗ್ಲಿಸರಿನ್‌ನಲ್ಲಿ ಮೊದಲೇ ಕಲೆಸಿಡಿ. ಒಣಪುಡಿ ನೇರ ಹಾಕಿದರೆ ಸೋಪಿನಲ್ಲಿ ಚುಕ್ಕೆಗಳು ನಿಲ್ಲುತ್ತವೆ.

3. ಬೇಸನ್ನು ಸಣ್ಣ ತುಂಡು ಮಾಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಕುದಿಯಲು ಬಿಡಬೇಡಿ.

4. ಉರಿಯಿಂದ ಇಳಿಸಿ ಮಣ್ಣಿನ ಮಿಶ್ರಣ ಹಾಕಿ. ಬಿಸಿ ಸುಮಾರು 50 ಡಿಗ್ರಿಗೆ ಇಳಿದು ಮೇಲೆ ತೆಳು ಕೆನೆ ಕಟ್ಟುವವರೆಗೂ ನಿಧಾನಕ್ಕೆ ಕಲಕುತ್ತಲೇ ಇರಿ. ಆಮೇಲೆ ಅಚ್ಚಿಗೆ ಹೊಯ್ಯಿರಿ. ಬಿಸಿ ಇದ್ದಾಗಲೇ ಹೊಯ್ದರೆ ಮಣ್ಣೆಲ್ಲ ಕೆಳಗೆ ಕೂತು ಸೋಪು ಎರಡು ಬಣ್ಣದ್ದಾಗುತ್ತದೆ.

ಸೋಪಿಗೆ ಉಪ್ಪು ಕೆಸರಿಗಿಂತ ರಸೂಲ್, ಕೇಯೊಲಿನ್ ಮೇಲು. ಆ ಕೆಸರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಬಿಳಿ ಕೊಳೆಯಾಗುತ್ತವೆ. ಗಡಸು ನೀರಲ್ಲಿ ಬಟ್ಟೆ ಒಗೆದವರಿಗೆ ನೊರೆ ಬಾರದ ಆ ಕಷ್ಟ ಗೊತ್ತು. ಸಾಲದ್ದಕ್ಕೆ ಆ ಉಪ್ಪು ತೇವ ಎಳೆದುಕೊಂಡು ಸೋಪಿನ ಮೇಲೆ ಬೆವರು ಹನಿಗಳು ಬೇರೆ.

ಕ್ರೀಮ್, ಲೋಷನ್ ಯಾಕೆ ಹೇಳಿಲ್ಲ

ಬೇಕಂತಲೇ ಬಿಟ್ಟಿದ್ದೇನೆ. ಕ್ರೀಮ್ ಅಂದರೆ ಎಣ್ಣೆ ಮತ್ತು ನೀರನ್ನು ಎಮಲ್ಸಿಫೈಯರ್ ಎಂಬ ಬೆಸೆಯುವ ವಸ್ತುವಿನಿಂದ ಒಟ್ಟಿಗೆ ಹಿಡಿದಿಟ್ಟ ಮಿಶ್ರಣ. ಉಪ್ಪು ಕೆಸರು ಬಿದ್ದರೆ ಅನೇಕ ಎಮಲ್ಸಿಫೈಯರ್‌ಗಳ ಹಿಡಿತ ಸಡಿಲವಾಗಿ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಕಾರ್ಬೋಮರ್ ಎಂಬ ಗಟ್ಟಿ ಮಾಡುವ ವಸ್ತುವಿನಿಂದ ಮಾಡಿದ ಜೆಲ್ ಆದರೆ ಉಪ್ಪು ತಾಗುತ್ತಲೇ ನೀರಾಗಿ ಕೂರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಪ್ರಿಸರ್ವೇಟಿವ್, ಅಂದರೆ ಕೆಡದಂತೆ ಕಾಯುವ ರಾಸಾಯನಿಕ. ಎಣ್ಣೆ, ಕೊಳೆಯನ್ನು ಮೈಗೆ ಅಂಟಿಸಿಕೊಳ್ಳುವ ಜೇಡಿ, ಪ್ರಿಸರ್ವೇಟಿವನ್ನೂ ಬಿಡುವುದಿಲ್ಲ. ಚೀಟಿಯಲ್ಲಿ ಬರೆದ ಅಳತೆಯಷ್ಟೇ ಹಾಕಿದರೂ ಕೆಲಸಕ್ಕೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಮನೆಯಲ್ಲಿ ಸುಲಭವಾಗಿ ಸಿಗುವ ಪೊಟ್ಯಾಸಿಯಂ ಸಾರ್ಬೇಟ್, ಸೋಡಿಯಂ ಬೆಂಜೊಯೇಟ್ ಹುಳಿ ಇದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ, ಪಿಎಚ್ 5ರ ಸುತ್ತಮುತ್ತ ಅಥವಾ ಅದಕ್ಕೂ ಕೆಳಗೆ. ಬೆಂಟೊನೈಟ್ ಇರುವಲ್ಲಿ ಅವು ಇದ್ದೂ ಇಲ್ಲದಂತೆ. ವಿಟಮಿನ್ ಇ ಹಾಕಿದ್ದೀನಲ್ಲ ಅನ್ನುವವರಿಗೆ: ಅದು ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಸುಗಂಧ ತೈಲದ ಕೆಲವು ಹನಿಯನ್ನೂ ಪ್ರಿಸರ್ವೇಟಿವ್ ಅಂತ ನಂಬಬೇಡಿ.

ಕಂಪನಿಗಳು ಇಂಥ ಉತ್ಪನ್ನಕ್ಕೆ ಚಾಲೆಂಜ್ ಟೆಸ್ಟ್ ಮಾಡಿಸುತ್ತವೆ. ಡಬ್ಬಿಗೆ ಬೇಕಂತಲೇ ಸೂಕ್ಷ್ಮಜೀವಿ ಹಾಕಿ, 28 ದಿನ ಅವು ಸಾಯುತ್ತವೋ ಬೆಳೆಯುತ್ತವೋ ನೋಡುವ ಪರೀಕ್ಷೆ ಅದು. ಮನೆಯಲ್ಲಿ ಆ ಅನುಕೂಲ ಇಲ್ಲ. ಕಣ್ಣಿಗೆ, ಮೂಗಿಗೆ ಗೊತ್ತಾಗುವ ಹೊತ್ತಿಗೆ ಲೇಪದಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ. ಕಪ್ಪು ಕೆಸರಿನಲ್ಲಂತೂ ಬಣ್ಣವೂ ವಾಸನೆಯೂ ಮೊದಲೇ ಹಾಗಿರುವುದರಿಂದ ಗೊತ್ತೇ ಆಗುವುದಿಲ್ಲ. ನೀವು ಮಾಡಿದ್ದನ್ನು ಮಾರುವ ಯೋಚನೆ ಇದ್ದರೆ ಒಣಪುಡಿಯಾಗಿಯೇ ಮಾರುವುದು ಜಾಣತನ. ಅದಕ್ಕೂ ನಿಮ್ಮ ದೇಶದ ನಿಯಮ ನೋಡಿಕೊಂಡು, ಲೈಸೆನ್ಸ್ ಬೇಕಾದಲ್ಲಿ ಪಡೆದುಕೊಂಡು.

ಬೆರೆಸಬಾರದ್ದು

ನಿಂಬೆರಸದ ಪಿಎಚ್ ಸುಮಾರು 2, ಮುಖಕ್ಕೆ ಅದು ವಿಪರೀತ ಹುಳಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆ ಉಳಿಯುವುದೂ ಉಂಟು. ಅಡುಗೆ ಸೋಡಾ ಕ್ಷಾರ, ಬೆಂಟೊನೈಟೂ ಕ್ಷಾರ, ಎರಡೂ ಸೇರಿದರೆ ಚರ್ಮದ ಗತಿ ಕೇಳಬೇಡಿ. ಸುಗಂಧ ತೈಲ ಬೇಕೇ ಬೇಕು ಅನ್ನುವವರು ಒಟ್ಟು ಲೇಪದ ಅರ್ಧ ಶೇಕಡ ಮೀರಬೇಡಿ. 2 ಚಮಚ ಪುಡಿಯ ಲೇಪಕ್ಕೆ ಒಂದು ಹನಿಯೂ ಧಾರಾಳ. ನನ್ನ ಸಲಹೆ, ಅದನ್ನೂ ಬಿಟ್ಟುಬಿಡಿ.

ಯಾರು ಹಚ್ಚಬಾರದು

ಎಕ್ಸಿಮಾ, ರೊಸೇಶಿಯಾ, ಸೋರಿಯಾಸಿಸ್ ಇದ್ದವರು ಚರ್ಮದ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮೊಡವೆ ಒಡೆದಿದ್ದರೆ, ಸುಟ್ಟಿದ್ದರೆ, ಅಂದೇ ಕ್ಷೌರ ಅಥವಾ ವ್ಯಾಕ್ಸಿಂಗ್ ಮಾಡಿಸಿದ್ದರೆ ಆ ದಿನ ಬೇಡ. ಮೊಡವೆ, ಸುಕ್ಕಿಗೆ ಹಚ್ಚುವ ರೆಟಿನಾಯ್ಡ್ ಕ್ರೀಮ್ ಬಳಸುವವರ ಚರ್ಮ ಮೊದಲೇ ಸೂಕ್ಷ್ಮ. ಅವರಿಗೆ ಕೇಯೊಲಿನ್ ಕೂಡ ಉರಿಯಬಹುದು. ಚಿಕ್ಕ ಮಕ್ಕಳಿಗೆ ಹಚ್ಚಬೇಡಿ. ಯಾರೂ ತಿನ್ನಬೇಡಿ. ಜೇಡಿ ನುಂಗಿದರೆ ಹೊಟ್ಟೆ ಸ್ವಚ್ಛವಾಗುತ್ತದೆ ಅನ್ನುವ ವಿಡಿಯೊಗಳು ನೋಡಿದ್ದೀರಿ, ಆ ಸೀಸದ ಮಾತು ನೆನಪಿರಲಿ. ತೊಳೆದು ಒಂದು ದಿನವಾದರೂ ಕೆಂಪು ಇಳಿಯದಿದ್ದರೆ, ಊದಿಕೊಂಡರೆ, ಕೀವು ಕಂಡರೆ ವೈದ್ಯರ ಹತ್ತಿರ ಹೋಗಿ.

ತೊಳೆಯುವುದು

ಬಟ್ಟಲನ್ನು ನೇರ ಸಿಂಕ್‌ನಲ್ಲಿ ತೊಳೆಯಬೇಡಿ. ಬೆಂಟೊನೈಟ್ ಕೊಳವೆಯ ತಿರುವಿನಲ್ಲಿ ಕೂತು ಉಬ್ಬುತ್ತದೆ, ಪ್ಲಂಬರನ್ನು ಕರೆಸಬೇಕಾಗುತ್ತದೆ. ಮೊದಲು ಹಳೇ ಬಟ್ಟೆ ಅಥವಾ ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಉಳಿದ ಜೇಡಿಯನ್ನು ಗಿಡದ ಬುಡಕ್ಕೆ ಸ್ವಲ್ಪ ಸುರಿದರೆ ತೊಂದರೆಯಿಲ್ಲ. ಉಪ್ಪು ಕೆಸರನ್ನು ಮಾತ್ರ ಹಾಕಬೇಡಿ, ಗಿಡ ಬಾಡುತ್ತದೆ.

ಕಪ್ಪು ಕೆಸರು ತಾಗಿದ ಟವೆಲ್ಲನ್ನು ಒಣಗಲು ಬಿಡದೆ ತಣ್ಣೀರಲ್ಲಿ ನೆನೆಸಿ ಹಿಂಡಿ. ಕಲೆ ಉಳಿದರೆ ಬ್ಲೀಚ್ ಸುರಿಯಬೇಡಿ. ಕೆಸರಿನಲ್ಲಿರುವುದು ಕಬ್ಬಿಣ. ಬ್ಲೀಚ್ ತಾಗಿದರೆ ಅದು ತುಕ್ಕಿನ ಬಣ್ಣಕ್ಕೆ ತಿರುಗಿ ಬಟ್ಟೆಯಲ್ಲೇ ಕೂರುತ್ತದೆ. ಟವೆಲ್ಲಿನ ಕಲೆಗೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು ಒಗೆಯಿರಿ. ಮುಖಕ್ಕೆ ಬೇಡ ಅಂದ ನಿಂಬೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.